ಅರಿಶಿಣದ ಕೆಳಗಿನ ಊತ

ನೆರೆಮನೆಯ ಬೀಬಿ ನನ್ನ ಮೊಮ್ಮಗಳ ಮುಖದ ಅರಿಶಿಣ ಲೇಪ ಒರೆಸಿದಾಗ ಕಣ್ಣು ಊದಿ ಮುಚ್ಚಿದ್ದು ಕಂಡಿತು. ಮೂಗು ಕಟ್ಟಿ ಹಣೆ ಸಿಡಿಯುತ್ತದೆ ಎಂದು ಮೊಮ್ಮಗಳು ಅಂದದ್ದಕ್ಕೆ ನಾನು ಅಜವಾನದ ಹಬೆ ಕೊಟ್ಟು, ಸುಟ್ಟ ಅರಿಶಿಣ ತೇಯ್ದು ದಿನವೂ ದಪ್ಪಗೆ ಬಳಿದಿದ್ದೆ.

“ಇದು ಹಬಿಗಿ ಹೋಗೋ ನೆಗಡಿ ಅಲ್ರಿ ಅಮ್ಮಾ. ಬೀದರ ದವಾಖಾನಿಗಿ ಒಯ್ರಿ, ನನ್ನ ಗಾಡಿ ತಗೋರಿ,” ಎಂದಳು ಬೀಬಿ.

ಪರದೆ ಇಳಿಬಿಟ್ಟ ಆ ಎತ್ತಿನ ಗಾಡಿ ಅವಳನ್ನು ಭಾಲ್ಕಿಯ ತವರಿಗೆ ಒಯ್ಯಲು ಕಟ್ಟಿ ನಿಂತಿತ್ತು.

“ನಿನ್ನ ತವರು?” ಎಂದೆ.

“ತವರು ನಾಳಿನೂ ಇರ್ತದ. ಪೋರಿ ಕಣ್ಣ ಇರಲ್ಲ!” ಎಂದು ಗದರಿದಳು.

ಅದೇ ಗಾಡಿಯಲ್ಲಿ ಬೀದರಿಗೆ ಒಯ್ದೆ. ಡಾಕ್ಟರು ಕಣ್ಣಿನ ಹತ್ತಿರ ತುಂಬಿದ್ದ ಕೀವು ತೆಗೆದು, ಇನ್ನೂ ತಡವಾಗಿದ್ದರೆ ಕಣ್ಣು ಹೋಗುತ್ತಿತ್ತು ಎಂದರು.

ನೆಗಡಿಗೆ ಈಗಲೂ ಹಬೆ ಕೊಡುತ್ತೇನೆ. ಕಣ್ಣ ಸುತ್ತ ಊದಿದರೆ ಮಾತ್ರ ಗಾಡಿ ಕಟ್ಟಿಸುತ್ತೇನೆ. ಬೀಬಿ ತವರಿಗೆ ಹೊರಟಾಗಲೆಲ್ಲ ಬುತ್ತಿಯ ರೊಟ್ಟಿ ನಮ್ಮ ಮನೆಯದೇ. ಮೊಮ್ಮಗಳೇ ತಟ್ಟುತ್ತಾಳೆ.