ಕಾಶಿ ಕಣಗಿಲೆಯ ಮೊಮ್ಮಗ

ನಂಜನಗೂಡಿನ ಗೋಪಾಲಕೃಷ್ಣ ಮೇಷ್ಟ್ರ ಮನೆಯ ಕಾಂಪೌಂಡಿನ ಬಿರುಕಿನಲ್ಲೂ ಕಾಶಿ ಕಣಗಿಲೆ ಅರಳುತ್ತದೆ. ನೀರು ಹಾಕಬೇಕಿಲ್ಲ, ಮೇಕೆ ಮೂಸುವುದಿಲ್ಲ, ಪೂಜೆಗೆ ದಿನವೂ ಹೂವು. ಕಣಗಿಲೆಯ ಹಾಗೆ ಕಾಣುವುದರಿಂದ ಕಣಗಿಲೆ. ಕಾಶಿ ಏಕೆಂದರೆ, ಅದನ್ನು ಈ ಸೀಮೆಗೆ ಕಾಶಿಯಿಂದ ತಂದವರು ಮೇಷ್ಟ್ರ ತಾತ ಶಾಮಣ್ಣನವರು. ಹೀಗೆಂದು ಹೇಳುವವರು ಮೇಷ್ಟ್ರೊಬ್ಬರೇ. ನಿವೃತ್ತರಾದ ಮೇಲೆ ಹೇಳುವುದು ಜಾಸ್ತಿಯಾಗಿತ್ತು.

“ನಿಮ್ಮ ತಾತ ಮೈಸೂರು ದಾಟಿದವರಲ್ಲ ಅಂತ ಅತ್ತೇನೇ ಹೇಳ್ತಿದ್ರಲ್ರೀ” ಎಂದು ಹೆಂಡತಿ ರಂಗನಾಯಕಿ ಅಂದರೆ, “ಅಮ್ಮನಿಗೆ ಭೂಗೋಳ ಗೊತ್ತಿರಲಿಲ್ಲ” ಎಂಬ ಉತ್ತರ.

ಬಡಾವಣೆಯ ಪಾರ್ಕಿಗೆ ತಾತನ ಹೆಸರಿಡಿಸಬೇಕೆಂಬುದು ಅವರ ಆಸೆ. ಸಂಘದ ಸಭೆ ಇನ್ನೇನು ಒಪ್ಪಬೇಕು, ವಾಂಗಿಭಾತಿನ ತಟ್ಟೆಗಳು ಬಂದವು. ವಾಂಗಿಭಾತೆಂದರೆ ಮೇಷ್ಟ್ರಿಗೆ ಪ್ರಾಣ. ಮೊದಲ ತುತ್ತು ಎತ್ತುವಾಗ ಅಧ್ಯಕ್ಷೆ ಹೇಮಲತಾ ಕೇಳಿದರು:

“ಕಾಶಿಗೆ ಹೋದವ್ರು ಇಷ್ಟವಾದ ಹಣ್ಣೋ ತರಕಾರಿನೋ ಒಂದನ್ನ ಬಿಟ್ಟು ಬರ್ತಾರಲ್ವಾ ಸಾರ್, ನಿಮ್ ತಾತ ಏನು ಬಿಟ್ರು?”

ಮೇಷ್ಟ್ರು ಇದನ್ನು ಯೋಚಿಸಿಯೇ ಇರಲಿಲ್ಲ. ತಡವರಿಸಿದರೆ ಪಾರ್ಕು ಕೈತಪ್ಪೀತು. ಕಣ್ಣಿಗೆ ಕಂಡದ್ದೇ ಬಾಯಿಗೆ ಬಂತು.

“ಬದನೆಕಾಯಿ. ಅವತ್ತಿಂದ ನಮ್ಮ ವಂಶದಲ್ಲೇ ಯಾರೂ ಮುಟ್ಟಲ್ಲ.”

“ಅಯ್ಯೋ, ಗೊತ್ತಾಗ್ಲಿಲ್ವಲ್ಲ ಸಾರ್” ಎಂದು ಹೇಮಲತಾ ತಟ್ಟೆ ಇಸಿದುಕೊಂಡು ಬಾಳೆಹಣ್ಣು ಕೊಟ್ಟರು.

ಪಾರ್ಕಿಗೆ ಬೋರ್ಡು ಬಂತು. ಮದುವೆ ಮನೆಗಳಲ್ಲಿ ಎಣ್ಣೆಗಾಯಿ ಬಡಿಸುವವರು ಮೇಷ್ಟ್ರ ಎಲೆಯನ್ನು ಗೌರವದಿಂದ ದಾಟಿ ನಡೆದರು. ಮನೆಯಲ್ಲಾದರೂ ಮಾಡೆಂದರೆ, “ಪಕ್ಕದ ಮನೆಯವರ ಮೂಗು ನಾನು ಮುಚ್ಲಾ? ವಂಶದ ವ್ರತ, ಸೊಸೆ ಬಂದು ಕೆಡಿಸಿದ್ಲು ಅನ್ನಿಸ್ಕೋಬೇಕಾ?” ಎಂದರು ರಂಗನಾಯಕಿ.

ಆಷಾಢ ಕಳೆಯುವವರೆಗೆ ತಡೆದ ಮೇಷ್ಟ್ರು, ಪರಿಚಯದವರಿಲ್ಲದ ಊರೆಂದು ಟಿ. ನರಸೀಪುರದ ಬಸ್ಸು ಹತ್ತಿದರು. ಬಸ್‌ಸ್ಟ್ಯಾಂಡಿನ ಹತ್ತಿರದ ಮೆಸ್ಸಿನಲ್ಲಿ ಕೂತು, “ಒಂದು ವಾಂಗಿಭಾತು” ಎಂದರು.

ಮೆಸ್ಸಿನ ಮಾದೇಶ್ ಮುಖ ನೋಡಿ ನಕ್ಕ. “ನೀವು ಕಾಸಿ ಕಣಗಿಲೆ ಮೇಷ್ಟ್ರಲ್ವಾ ಸಾ? ನಮ್ ಮಗ್ಳು ರೋಜಾ ಪಾರ್ಕ್ ತಾವ ನಿಮ್ ಬಾಸಣ ಕೇಳವ್ಳೆ, ಪೋಟೋನೂ ತೋರ್ಸವ್ಳೆ. ನಮ್ನ ಪರೀಕ್ಸೆ ಮಾಡ್ತಿದ್ದೀರ. ಬದ್ನೆಕಾಯಿ ನೀವು ಮುಟ್ಟಲ್ಲ ಅಂತ ನಂಗೂ ಗೊತ್ತು” ಎಂದವನೇ ಮೊಸರನ್ನ ತಂದಿಟ್ಟ.

ಎದುರಿನ ಟೇಬಲ್ಲಿನಿಂದ ವಾಂಗಿಭಾತು ಘಮ್ಮೆನ್ನುತ್ತಿತ್ತು. ತಾತ ಕಾಶಿಗೇ ಹೋಗಿರಲಿಲ್ಲ ಎಂದುಬಿಟ್ಟರೆ ಒಂದು ತಟ್ಟೆ ಇಲ್ಲಿಗೂ ಬರುತ್ತಿತ್ತು. ಮಾತು ಗಂಟಲವರೆಗೆ ಬಂದದ್ದೂ ನಿಜ. ಅಷ್ಟರಲ್ಲಿ ಮಾದೇಶ್ ಊಟಕ್ಕೆ ಕೂತವರಿಗೆಲ್ಲ ಕೇಳುವಂತೆ, “ಇವ್ರ್ ತಾತನೇ ಕಣ್ರಪ್ಪಾ ಆ ಊವ ತಂದಿದ್ದು” ಎಂದ. ಕೈಗಳು ತಟ್ಟೆಯಲ್ಲೇ ನಿಂತು, ಮುಖಗಳು ಈ ಕಡೆ ತಿರುಗಿದವು.

ಮೇಷ್ಟ್ರು ಮೊಸರನ್ನ ಕಲಸುತ್ತಾ, ತಾತ ಸಸಿಗಳನ್ನು ಒದ್ದೆ ಪಂಚೆಯಲ್ಲಿ ಸುತ್ತಿ ರೈಲು ಹತ್ತಿದಲ್ಲಿಂದ ಕತೆ ಶುರುಮಾಡಿದರು.