ಅವ್ವ ತುಂಬಿದ ಬಾಟಲಿ

ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಊರವರ ನೀರನ್ನೆಲ್ಲ ಅಳೆದೆ, ಪುಟ್ಟೇನಹಳ್ಳಿಯ ನಮ್ಮ ಬಾವಿಯದನ್ನು ಮಾತ್ರ ವರ್ಷಗಟ್ಟಲೆ ಮುಟ್ಟಲಿಲ್ಲ. ಹೆದರಿಕೆ, ಮತ್ತೇನಲ್ಲ.

ನಾನು ಹುಟ್ಟುವ ಮೊದಲೇ ನನ್ನ ಅಣ್ಣ ಆ ನೀರು ಕುಡಿದು ವಾಂತಿಭೇದಿಯಾಗಿ ತೀರಿಹೋದ. ಎರಡು ವರ್ಷದ ಕೂಸು. ಅಂದಿನಿಂದ ಪ್ರತಿ ಶುಕ್ರವಾರ ಅವ್ವ ಬಾವಿಕಟ್ಟೆಗೆ ಅರಿಶಿನ ಕುಂಕುಮ ಇಟ್ಟು, ಬ್ಲೀಚಿಂಗ್ ಪೌಡರನ್ನು ಹಿಡಿ ಹಿಡಿಯಾಗಿ ಒಳಗೆ ಸುರಿಯುತ್ತಿದ್ದಳು. ನಮ್ಮ ಕಾಫಿಗೂ ಅದೇ ವಾಸನೆ. ನೆಂಟರು ಮೂಗು ಮುರಿಯುತ್ತಿದ್ದರು. ನನಗೆ ಮಾತ್ರ ಆ ವಾಸನೆ ಬಂದಾಗಲೆಲ್ಲ, ನಾನು ಕಾಣದ ಅಣ್ಣ ಪಕ್ಕದಲ್ಲೇ ನಿಂತಂತೆ ಅನಿಸುತ್ತಿತ್ತು. ಈಗಲೂ ಅನಿಸುತ್ತದೆ.

ಅತಿಯಾದರೆ ಅಮೃತವೂ ವಿಷ. ಎಲೆ ಕೊಳೆತ ನೀರಿಗೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಹೆಚ್ಚು ಬಿದ್ದರೆ ಕ್ಲೋರೋಫಾರ್ಮ್‌ನಂಥ ಕೆಟ್ಟ ವಸ್ತುಗಳು ಹುಟ್ಟುತ್ತವೆ. ನಮ್ಮ ಬಾವಿಯ ಮೇಲೆ ಹೊಂಗೆ ಮರ ಬಾಗಿದೆ. ನನ್ನ ಮಗಳೂ ಅದೇ ನೀರು ಕುಡಿಯತೊಡಗಿದ ಮೇಲೆ ಧೈರ್ಯ ಮಾಡಿ, ಪರೀಕ್ಷೆಗೆ ನೀರು ತುಂಬಿಕೊಡೆಂದು ಅವ್ವನ ಕೈಗೆ ಬಾಟಲಿ ಕೊಟ್ಟೆ.

ಬಿಂದಿಗೆ ತುಳುಕದಂತೆ ತರುವ ಕೈ ಅವಳದು. ಬಾಟಲಿಯಲ್ಲೂ ಮೇಲೆ ಎರಡು ಬೆರಳು ಜಾಗ ಬಿಟ್ಟಿದ್ದಳು. ಕ್ಲೋರೋಫಾರ್ಮ್‌ನಂಥ ವಸ್ತುಗಳು ನೀರಿನಿಂದ ಆ ಖಾಲಿ ಜಾಗದ ಗಾಳಿಗೆ ಹಾರಿ, ಪರೀಕ್ಷೆಗೆ ಸಿಗದೆ ಹೋಗುತ್ತವೆ. ಒಂದು ಗುಳ್ಳೆಯೂ ಇರಬಾರದು. ಬೇರೆಯವರ ಬಾಟಲಿಯಾಗಿದ್ದರೆ ವಾಪಸ್ ಕಳಿಸುತ್ತಿದ್ದೆ. ಇದನ್ನು ಕಂಡೂ ಕಾಣದವಳಂತೆ ಪರೀಕ್ಷೆಗಿಟ್ಟೆ. ನೀರು ಚೆನ್ನಾಗಿದೆ ಎಂದು ವರದಿ ಬಂತು. ಅವ್ವ ಆ ಹಾಳೆಯನ್ನು ದೇವರ ಗೂಡಿನಲ್ಲಿಟ್ಟಳು.

ಅಲ್ಲಿ ದೀಪ ಹಚ್ಚಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ತಿಂಗಳಾದ ಮೇಲೆ ನಾನೇ ಗುಳ್ಳೆ ಇಲ್ಲದಂತೆ ತುಂಬಿಕೊಂಡು ಹೋದೆ. ಈ ಸಲ ಆ ಕೆಟ್ಟ ವಸ್ತುಗಳು ಮಿತಿ ಮೀರಿದ್ದವು. ಅವ್ವನಿಗೆ ಹೇಳಿದೆ.

ಅವಳು ಬಾವಿಕಟ್ಟೆಯ ಮೇಲೆ ಕೂತಳು.

"ಅಂಗಾರೆ ನಿನ್ಗೂ ಇಷ ಆಕಿದ್ದು ನಾನೇನಾ?"

"ಇಲ್ಲ ಕಣವ್ವ. ಪೌಡರ್ ಜಾಸ್ತಿ ಆಯ್ತು, ಅಷ್ಟೇ. ಬಾವಿ ಕ್ಲೀನ್ ಮಾಡ್ಸಿ, ಅಳತೆ ಮಾಡಿ ಹಾಕಿದ್ರೆ ಸಾಕು."

"ಸಾಕಾಗ್ದೇ ಓದ್ರೆ?"

ಅವಳು ಪೌಡರ್ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಇನ್ಮ್ಯಾಕೆ ನೀನೇ ಆಕು. ನನ್ ಕೈ ಅಳತೇಲಿ ನಿಲ್ಲಾಕಿಲ್ಲ."

ಮರದ ಕೊಂಬೆ ಕಡಿಸಿದೆವು, ಕೆಸರು ತೆಗೆಸಿದೆವು. ಮುಂದಿನ ಶುಕ್ರವಾರ ಲೆಕ್ಕ ಹಾಕಿ, ತೂಕ ಮಾಡಿ, ಬೇಕಾದಷ್ಟೇ ಪೌಡರ್ ಹಾಕಿದೆ. ಮನೆಯೊಳಗಿನಿಂದ ಮಗಳು ನೀರು ಬೇಕೆಂದು ಕೂಗಿದಳು. ಅವಳಿಗೂ ಈಗ ಎರಡು ವರ್ಷ.

ನನ್ನ ಕೈ ಮತ್ತೆ ಡಬ್ಬಿಗೆ ಹೋಗಿ, ಇನ್ನೊಂದು ಹಿಡಿ ತುಂಬಿಕೊಂಡಿತ್ತು.