ನನ್ನದಲ್ಲದ ಕ್ಷಮೆ

ಸರ್ ಅವರ ಬಲಗಾಲು ಒಂದು ನಿಮಿಷ ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಎರಿನ್ ಮಿಲ್ಸ್ ಮಾಲಿನ ಬೆಂಚಿನ ಮೇಲೆ, ಹಿಮದ ಬೂಟಿನೊಳಗೂ ಹಿಮ್ಮಡಿ ಟಕಟಕ ಕುಣಿಯುತ್ತಿತ್ತು. ಕೈಯಲ್ಲಿದ್ದ ಕಾಗದದ ಲೋಟದಿಂದ ಚಹಾ ತುಳುಕಿ ಕೋಟಿನ ಮೇಲೆ ಬೀಳುತ್ತಿತ್ತು. ಆ ಕಾಲು ನೋಡಿಯೇ ನಾನು ಅವರನ್ನು ಗುರುತಿಸಿದ್ದು. ಧಾರವಾಡದ ಕಾಲೇಜಿನಲ್ಲಿ ನಮಗೆ ಅಮೆರಿಕನ್ ಸಾಹಿತ್ಯ ಕಲಿಸಿದವರು. ರಿಟೈರಾದ ಮೇಲೆ ಮಗನ ಮನೆಗೆ ಬಂದು, ಅಂಗಡಿ ತೆರೆಯುವ ಮೊದಲೇ ಮಾಲಿನಲ್ಲಿ ವಾಕಿಂಗ್ ಮಾಡುವ ಹಿರಿಯರ ಗುಂಪು ಸೇರಿದ್ದರು.

ನಾನಾಗ ವರ್ಕ್ ಪರ್ಮಿಟಿನ ಮೇಲಿದ್ದೆ. ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್ ಬರುತ್ತದೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಇಮೇಲ್ ತೆರೆದು ನೋಡುವ ಗಿರಾಕಿ. ಅದನ್ನು ಕೇಳಿ ಅವರು ನಕ್ಕರು.

"ನೀನೂ ಪ್ಯೂರಿಟನ್ ಆದಿ ನೋಡವಾ! ನಾಕನೂರು ವರ್ಷದ ಹಿಂದ ಅಮೆರಿಕಕ್ಕ ಬಂದ ಆ ಕಟ್ಟಾ ಕ್ರೈಸ್ತರದೂ ಹಿಂಗಽ. ಸ್ವರ್ಗಕ್ಕ ದೇವರು ಯಾರನ್ನ ಆರಿಸ್ಯಾನ ಅನ್ನೂದು ಮೊದಲಽ ಡಿಸೈಡ್ ಆಗೇದ. ಆದರ ಯಾರಿಗೂ ಹೇಳಂಗಿಲ್ಲ. ಅದಕ್ಕ ದಿನಾ ತಮ್ಮ ಮನಸ್ಸನ್ನ ತಗದು ತಗದು ಚೆಕ್ ಮಾಡಿಕೊಂತ, ಬರಕೊಂತ ಕುಂತ್ರು. ಅಮೆರಿಕದ ಸಾಹಿತ್ಯ ಆ ಚಡಪಡಿಕಿಯೊಳಗಽ ಹುಟ್ತು."

ಮೂವತ್ತು ವರ್ಷ ಕಲಿಸಿದ್ದನ್ನು ಅವರು ಇಲ್ಲಿಗೆ ಬಂದ ಮೇಲೆ ಮೊದಲಿನಿಂದ ಓದುತ್ತಿದ್ದರು. ಊರಿನ ಕಾಲೇಜಿನಲ್ಲಿ ಇದ್ದದ್ದು ಹಿಂದಿನವರ ನೋಟ್ಸ್ ಮಾತ್ರ. ಇಲ್ಲಿ ಲೈಬ್ರರಿಯವರು ಆ ಕಾಲದ ದಿನಚರಿಗಳನ್ನೇ ತರಿಸಿಕೊಟ್ಟರು. ಓದಿದಷ್ಟೂ ಅವರ ನೆಮ್ಮದಿ ಕೆಟ್ಟಿತು. ತಾನು ಎಲ್ಲಿ ತಪ್ಪು ಹೇಳಿದ್ದೆ ಎಂದು ಗುರುತು ಹಾಕಿ, ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ವಾಟ್ಸ್ಯಾಪಿನಲ್ಲಿ ತಿದ್ದುಪಡಿ ಕಳಿಸತೊಡಗಿದರು! ಬಂದ ಉತ್ತರಗಳೆಲ್ಲ ಕೈಮುಗಿಯುವ ಚಿತ್ರ, ಇಲ್ಲವೇ 'ಹ್ಯಾಪಿ ಯುಗಾದಿ ಸರ್'. ಮೊಮ್ಮಗಳು "ಅಜ್ಜಾ, ನೋಬಡಿ ಕೇರ್ಸ್" ಎಂದಳಂತೆ. "ಐ ಕೇರ್" ಎಂದರಂತೆ ಇವರು.

ನಾನು ಕನ್ನಡ ಸಂಘದ ಪತ್ರಿಕೆಗೆ ಬರೆದದ್ದನ್ನೂ ಅವರು ಬಿಡಲಿಲ್ಲ. ಪೆನ್ಸಿಲ್ ಹಿಡಿದು ಅರ್ಧಕ್ಕರ್ಧ ಹೊಡೆದುಹಾಕುತ್ತಿದ್ದರು. "ಪ್ಯೂರಿಟನ್ನರ ಹತ್ರ ಇದೊಂದು ಕಲಿ. ಡೌಲು ಬ್ಯಾಡ. ಏನಾತು, ಅಷ್ಟಽ ಬರಿ." ಚರ್ಚಿಗೆ ಸೇರಬೇಕಾದವರು ಎಲ್ಲರ ಎದುರು ನಿಂತು, ತಮ್ಮೊಳಗೆ ನಡೆದದ್ದನ್ನು ನೇರ ಮಾತಿನಲ್ಲಿ ಹೇಳಬೇಕಿತ್ತಂತೆ. ಅಲ್ಲಿ ಸುಳ್ಳು ಹೇಳಿದವನ ಗತಿ ಏನು ಎಂದು ಕೇಳಿದೆ. "ಒಳಗ ಬರತಾನ. ಆದರ ನಿದ್ದಿ ಹತ್ತಂಗಿಲ್ಲ," ಎಂದರು.

ಒಂದು ಬೆಳಿಗ್ಗೆ ಅವರ ಮುಖ ಬಾಡಿತ್ತು.

"ಬಿಎ ಎರಡನೇ ವರ್ಷ, ಕೂಸು ಸತ್ತಾಗೂ ಅವರು ದೇವರ ಇಚ್ಛಾ ಅಂತ ಸುಮ್ಮನಿರತಿದ್ರೇನ್ರಿ ಅಂತ ಕೇಳಿದಾಕಿ ನೀನಽ ಅಲ್ಲೇನವಾ? ಅಳೂದಕ್ಕ ಮಾರ್ಕ್ಸ್ ಇಲ್ಲ, ಕೂಡು ಅಂದೆ ನಾ. ನಿನ್ನೆ ಒಬ್ಬ ಪ್ಯೂರಿಟನ್ ತಂದಿ ದಿನಚರಿಯೊಳಗ ಬರದದ್ದು ಓದಿದೆ. ದೇವರ ಇಚ್ಛಾ ಅಂತ ಬರದಾನ. ಮರುದಿನಾನೂ ಆ ಕೂಸಿನ ಸುದ್ದಿ, ಮುಂದಿನ ತಿಂಗಳೂ ಅದಽ. ಅತ್ತಾರ ತಂಗಿ, ಭಾಳ ಅತ್ತಾರ. ನಂದು ತಪ್ಪಾತು."

ಆ ಪ್ರಶ್ನೆ ನಾನು ಕೇಳಿದ್ದಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಕೇಳಿದ್ದು. ಆ ವರ್ಷ ಅವಳ ಪುಟ್ಟ ತಮ್ಮ ತೀರಿಕೊಂಡಿದ್ದ. ಸರ್‌ಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು. ಆದರೂ ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಅವಳು ಮುಂದೆ ಇಂಗ್ಲಿಷ್ ಬಿಟ್ಟು ಇತಿಹಾಸ ತೆಗೆದುಕೊಂಡಳು.

"ಇರ್ಲಿ ಬಿಡ್ರಿ ಸರ್, ಅದನ್ನೆಲ್ಲಾ ನಾ ಮನಸ್ಸಿಗೆ ಹಚ್ಚಿಕೊಂಡಿಲ್ಲ," ಎಂದುಬಿಟ್ಟೆ.

ಅವರ ಕಾಲು ನಿಂತಿತು. ಆ ನೆಮ್ಮದಿಯನ್ನು ಕೆಡಿಸಲಾರದೆ ಸುಮ್ಮನಾದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ಅಂಥ ಪ್ರಶ್ನೆ ಕೇಳಿದ ಜಾಣೆ ಎನಿಸಿಕೊಳ್ಳುವ ಆಸೆಯೂ ಇತ್ತು. ಸಂಘದ ಯುಗಾದಿಯಲ್ಲಿ ಅವರು ಕಂಡಕಂಡವರಿಗೆ "ನನ್ನ ತಿದ್ದಿದಾಕಿ ಈಕಿ" ಎಂದು ಪರಿಚಯಿಸಿದಾಗ ಹೋಳಿಗೆಯ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋದೆ. ನಿಜ ಹೇಳಲೆಂದೇ ಎರಡು ಸಲ ಬಸ್ ಹತ್ತಿ ಅವರ ಮನೆಗೆ ಹೋದೆ. ಎರಡು ಸಲವೂ ಚಳಿಯ ಸುದ್ದಿ ಮಾತಾಡಿ ಬಂದೆ. ಗೆಳತಿಯ ನಂಬರ್ ನನ್ನ ಫೋನಿನಲ್ಲೇ ಇತ್ತು.

ಮುಂದಿನ ಫೆಬ್ರವರಿಯಲ್ಲಿ ಸರ್ ತೀರಿಕೊಂಡರು. "ಆ ಹುಡುಗಿ ಕ್ಷಮಿಸಿದಳು, ನಂದೊಂದು ಭಾರ ಇಳೀತು ಅಂತಿದ್ರು," ಎಂದು ಮಗ ನನ್ನ ಕೈ ಹಿಡಿದುಕೊಂಡರು. ನೇರವಾಗಿ ಬರೆಯುವುದನ್ನು ನನಗೆ ಕಲಿಸಿದ್ದು ಸರ್. ನೇರವಾಗಿ ಹೇಳಬೇಕಾದ ಒಂದೇ ಒಂದು ಮಾತನ್ನು ಅವರಿಗೇ ಹೇಳಲಿಲ್ಲ.

ಹನ್ನೆರಡನೇ ದಿನ ತಡೆಯಲಾಗದೆ ಗದಗಿನಲ್ಲಿರುವ ಗೆಳತಿಗೆ ಫೋನ್ ಮಾಡಿದೆ. ಮಾಲಿನ ಬೆಂಚು, ಆ ದಿನಚರಿ, ಸರ್ ಕೇಳಿದ ಕ್ಷಮೆ, ನಾನು ಅದನ್ನು ನುಂಗಿಕೊಂಡದ್ದು, ಎಲ್ಲ ಹೇಳಿದೆ. ಮುಖ್ಯವಾದದ್ದು ಇನ್ನೂ ಬಾಯಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಆ ಕಡೆ ಅವಳು ಅಳುತ್ತಿರುವುದು ಕೇಳಿಸಿತು.

"ಸರ್‌ಗೆ ಇನ್ನೂ ನೆನಪದ ಏನಲೇ? ಅವರ ನಂಬರ್ ಕೊಡು. ಈಗಿಂದೀಗ ಮಾತಾಡ್ತೀನಿ," ಎಂದಳು. "ಅಲ್ಲೆ ಈಗೆಷ್ಟು ಗಂಟೆ? ಎದ್ದಿರ್ತಾರಿಲ್ಲೋ?"